ಪದಚರ್ಚೆ: ಡಿಜೆ, ಪ್ರೊಡ್ಯೂಸರ್‌ಗೆ ಏನೆನ್ನೋಣ? (ನಾಳೆ ಫ್ಲೆಕ್ಸ್ ಪ್ರಿಂಟ್ ಆಗಬೇಕು)

ಮಾಪ್ಸಾದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಗೋವಾದ ಪಾರ್ಟಿಗಳಲ್ಲಿ ಹಾಡು ಹಾಕಿ ಕುಣಿಸುತ್ತಿದ್ದ ಡಿಜೆ ಗೋವಾ ಗಿಲ್ ತೀರಿಕೊಂಡದ್ದು 2023ರ ಅಕ್ಟೋಬರ್ 26ರಂದು. ಅವರ ನೆನಪಿಗೆ ಅಂಜುನಾದಲ್ಲಿ ಅಭಿಮಾನಿಗಳು ಸೇರುತ್ತಿದ್ದಾರೆ. ಫ್ಲೆಕ್ಸಿನಲ್ಲಿ ಇಂಗ್ಲಿಷ್, ಕೊಂಕಣಿ ಆದಮೇಲೆ ಕನ್ನಡದಲ್ಲೂ ಎರಡು ಸಾಲು ಬೇಕಂತೆ. ಕನ್ನಡ ಯಾಕೆ ಅಂತ ಕೇಳಬೇಡಿ. ಬುಧವಾರದ ಸಂತೆಯಲ್ಲಿ ಕನ್ನಡಿ ಕಸೂತಿ ಬಟ್ಟೆ ಮಾರುವ ಲಂಬಾಣಿ ಹೆಂಗಸರಿಂದ ಹಿಡಿದು ಸ್ಪೀಕರ್ ಹೊರುವ ಹುಡುಗರವರೆಗೆ ಬಹಳ ಜನ ನಮ್ಮ ಕಡೆಯವರೇ.

ನನ್ನ ಕರಡು: "ಪ್ರಭಾವಿ ಡಿಜೆ, ವಿದ್ಯುನ್ಮಾನ ಸಂಗೀತ ನಿರ್ಮಾಪಕ ದಿ. ಗೋವಾ ಗಿಲ್ ಅವರಿಗೆ ಅಭಿಮಾನಿಗಳ ಭಾವಪೂರ್ಣ ಶ್ರದ್ಧಾಂಜಲಿ."

ಓದಿದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ನಾಳೆ ಮಧ್ಯಾಹ್ನದೊಳಗೆ ಕೊಡಬೇಕು. ದಯವಿಟ್ಟು ಹೇಳಿ.

ಪಣಜಿಯಿಂದ:

"ಪ್ರಭಾವಿ" ಅಂದರೆ ಶಾಸಕರು. "ವಿದ್ಯುನ್ಮಾನ" ಅಂದರೆ ಮತಯಂತ್ರ. ಎರಡನ್ನೂ ತೆಗೆಯಿರಿ.

ವಾಸ್ಕೋದಿಂದ:

ಅಕ್ಕಾ, "ಡಿಜೆ"ಯೂ ಕಷ್ಟ. ನಾನು ಹುಬ್ಬಳ್ಳಿಯವ. ನಮ್ಮ ಕಡೆ ಡಿಜೆ ಅಂದರೆ ಮನುಷ್ಯ ಅಲ್ಲ, ಗಾಡಿ ಮೇಲೆ ಪೇರಿಸಿದ ಸೌಂಡ್ ಬಾಕ್ಸು. ಗಣಪತಿ ಮೆರವಣಿಗೆಗೆ ಡಿಜೆ ಹಚ್ಚುತ್ತಾರೆ, ಪೊಲೀಸರು ಡಿಜೆ ಬಂದ್ ಮಾಡಿಸುತ್ತಾರೆ. "ಡಿಜೆಗೆ ಶ್ರದ್ಧಾಂಜಲಿ" ಅಂತ ಹಾಕಿದರೆ ಬಾಕ್ಸ್ ಸುಟ್ಟಿತು ಅಂದುಕೊಳ್ಳುತ್ತಾರೆ ಅಷ್ಟೆ.

ಮಡಗಾಂವ್‌ನಿಂದ:

ಮಾನ್ಯರೇ, ತೊಂದರೆಯ ಬೇರು ಎರವಲಿನಲ್ಲಿದೆ. ಡಿಜೆ ಅಂದರೆ ಡಿಸ್ಕ್ ಜಾಕಿ. ಡಿಸ್ಕ್ ಗ್ರೀಕರದ್ದು. ಜಾಕಿ ಅನ್ನುವುದು ಸ್ಕಾಟ್ಲೆಂಡಿನವರು ಜಾನ್ ಹೆಸರನ್ನು ಮೊಟಕು ಮಾಡಿ ಕರೆದದ್ದು. ಆಮೇಲೆ ಕುದುರೆ ಸವಾರನಾಯಿತು. ನಮ್ಮ ಗ್ಯಾರೇಜಿನಲ್ಲಿ ಕಾರು ಎತ್ತುವ ಜಾಕಿಯೂ ಅದೇ ಕುಲದ್ದು. ಇಷ್ಟು ಕಸವನ್ನು ನಾವ್ಯಾಕೆ ಹೊರಬೇಕು? ಗಾಣಿಗ, ಲೆಕ್ಕಿಗ ಇದ್ದ ಹಾಗೆ "ಇಂಚರಿಗ" ಅನ್ನಿ. ಅಚ್ಚಗನ್ನಡ, ಬಾಯಿಗೂ ಹಗುರ.

ಪಣಜಿಯಿಂದ:

ಇನಿ, ಸರ ಸೇರಿ ಇಂಚರ. ಸರ ಬಂದದ್ದು ಸಂಸ್ಕೃತದ ಸ್ವರದಿಂದ. ನಿಮ್ಮ ಅಚ್ಚಗನ್ನಡ ಅರ್ಧಕ್ಕೇ ಮುಗಿಯಿತು. ಅದೂ ಅಲ್ಲದೆ ಇಂಚರ ಅಂದರೆ ಹಕ್ಕಿಯದ್ದು, ಅಂಜುನಾದ ಸ್ಪೀಕರಿನದ್ದಲ್ಲ. ಒಂದು ಹಾಡಿಗೆ ಇನ್ನೊಂದನ್ನು ಬೆರಸುವವರು ತಾನೇ, "ಬೆರಸುಗಾರ" ಅಂದರೆ ಸಾಕು.

ಮಡಗಾಂವ್‌ನಿಂದ:

"ಗಾರ" ಸಂಸ್ಕೃತದ "ಕಾರ". ಪಾಠ ಹೇಳುವ ಮೊದಲು ನೋಡಿಕೊಳ್ಳಿ.

ಸಿಯೋಲಿಂನಿಂದ:

ನೀವಿಬ್ಬರೂ ಪ್ರತ್ಯಯ ಹಿಡಿದು ಜಗಳ ಆಡುತ್ತಿದ್ದೀರಿ. ಧಾತುವೇ ತಪ್ಪು. ಗಿಲ್ ಬೆರಸಿದ್ದು ಕಡಿಮೆ. ಗೋವಾದ ಸೆಖೆಗೆ ವಿನೈಲ್ ತಟ್ಟೆ, ಅಂದರೆ ಗ್ರಾಮಾಫೋನ್ ರೆಕಾರ್ಡು, ಸೊಟ್ಟಗಾಗುತ್ತದೆ, ಹೊರಲೂ ಭಾರ. ಹಾಗಾಗಿ ಇಲ್ಲಿನವರು ಮೊದಲು ಕ್ಯಾಸೆಟ್ ಹಿಡಿದರು, ಆಮೇಲೆ ಡ್ಯಾಟ್. ಅದು ಸೋನಿ 1987ರಲ್ಲಿ ತಂದ ಡಿಜಿಟಲ್ ಟೇಪು. ಎಲ್ಲರೂ ಬಿಟ್ಟ ಮೇಲೂ ಗಿಲ್ ಡ್ಯಾಟ್ ಬಿಡಲಿಲ್ಲ. ಡಿಸ್ಕೇ ಇಲ್ಲದ ಡಿಸ್ಕ್ ಜಾಕಿ!

ತಟ್ಟೆಯಾದರೆ ವೇಗ ಹೆಚ್ಚು ಕಡಿಮೆ ಮಾಡಿ ಎರಡು ಹಾಡಿನ ತಾಳ ಕೂಡಿಸಬಹುದು. ಡ್ಯಾಟ್‌ನಲ್ಲಿ ಆ ಆಟ ನಡೆಯುವುದಿಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಬಿಡಬೇಕು. ಯಾವುದರ ಹಿಂದೆ ಯಾವುದು, ನಡುರಾತ್ರಿಗೆ ಯಾವುದು, ಬೆಳಕು ಹರಿಯುವಾಗ ಯಾವುದು, ಇದೇ ಅವರ ಕೆಲಸ. ಅದೂ 24 ಗಂಟೆ, ಒಬ್ಬರೇ. ಕುಣಿಯುವವರು ಹೋಗಿ ಮಲಗಿ ಎದ್ದು ಬಂದರೂ ಅವರು ಅಲ್ಲೇ ಇರುತ್ತಿದ್ದರು. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಕ್ರಿಯಾಪದ ಇದೆ: ಪೋಣಿಸು. ನಾಮಪದದ ಹಿಂದೆ ಯಾಕೆ ಬಿದ್ದಿದ್ದೀರಿ? "ಹಾಡು ಪೋಣಿಸಿ ಕುಣಿಸಿದವರು" ಅನ್ನಿ, ಆಯಿತು.

"ನಿರ್ಮಾಪಕ" ಅಂತೂ ಬೇಡ. ಅದು ನಮ್ಮಲ್ಲಿ ಸಿನಿಮಾಕ್ಕೆ ದುಡ್ಡು ಹಾಕುವವರು. ಈ ಲೋಕದಲ್ಲಿ ಪ್ರೊಡ್ಯೂಸರ್ ಅಂದರೆ ಹಾಡನ್ನು ತಾನೇ ಕಟ್ಟುವವರು. ಗಿಲ್ ತಮ್ಮ ಹೆಂಡತಿ ಅರಿಯಾನ್ ಜೊತೆ "ದಿ ನೊಮ್ಮೋಸ್" ಹೆಸರಿನಲ್ಲಿ ಕಟ್ಟಿದ್ದರು. ಆದರೆ ಜನ ನೆನೆಸುವುದು ಅದಕ್ಕಲ್ಲ. ಫ್ಲೆಕ್ಸಿನಲ್ಲಿ ಬಿಟ್ಟರೂ ನಷ್ಟವಿಲ್ಲ.

ವಾಸ್ಕೋದಿಂದ:

ಪೋಣಿಸು ಚೆನ್ನಾಗಿದೆ. ಗಿಲ್ ಹಾಕುತ್ತಿದ್ದ ಎಲೆಕ್ಟ್ರಾನಿಕ್ ಸಂಗೀತ, ಅಂದರೆ ಟ್ರಾನ್ಸ್‌ಗೆ "ಮೈದುಂಬು" ಅನ್ನಬಹುದಲ್ವಾ? ಅವರು ಜುನಾ ಅಖಾಡ ಅನ್ನುವ ಸಾಧುಗಳ ಪಂಥದಲ್ಲಿ ದೀಕ್ಷೆ ತಗೊಂಡ ಸಾಧು, ಬಾಬಾ ಮಂಗಳಾನಂದ ಅಂತ ಹೆಸರು. ಕುಣಿತವೇ ಧ್ಯಾನ ಅಂತ ನಂಬಿದವರು.

ಸಿಯೋಲಿಂನಿಂದ:

ಅರ್ಥ ಹತ್ತಿರ ಬರುತ್ತದೆ, ಒಪ್ಪುತ್ತೇನೆ. ಆದರೆ ಮೈದುಂಬು ಅಂದರೆ ಮೈಮೇಲೆ ದೇವಿ ಬರುವುದು. ಸಂತೆಯ ಹೆಂಗಸರು ಕೈ ಮುಗಿದುಬಿಟ್ಟಾರು. "ಗೋವಾ ಟ್ರಾನ್ಸ್" ಅದೊಂದು ಹೆಸರು. ಹಾಗೇ ಇರಲಿ.

ಮಡಗಾಂವ್‌ನಿಂದ:

ಹೀಗೇ ಎಲ್ಲವನ್ನೂ "ಹಾಗೇ ಇರಲಿ" ಅಂದು ಅಂದು ನುಡಿ ಬರಿದಾಯಿತು.

ಪಣಜಿಯಿಂದ:

ಬಟಾಟೆ, ಅನಾನಸ್, ಚಾವಿ, ಪಾದ್ರಿ. ಎಲ್ಲ ಪೋರ್ಚುಗೀಸರಿಂದ ಬಂದದ್ದು. ಯಾವುದು ಬರಿದಾಯಿತು? ಚಾವಿಗೆ ನೀವು ಬೀಗದಕೈ ಅನ್ನುತ್ತೀರಿ, ಸರಿ. ಅನಾನಸ್‌ಗೆ ಏನನ್ನುತ್ತೀರಿ?

ಮಡಗಾಂವ್‌ನಿಂದ:

ಕಟ್ಟಬಹುದು. ಕಟ್ಟುವ ಮನಸ್ಸಿಲ್ಲ ನಿಮಗೆ.

ಮಾಪ್ಸಾದಿಂದ:

ದಯವಿಟ್ಟು ಅನಾನಸ್ ಆಮೇಲೆ ನೋಡೋಣ. ಹೀಗೆ ಮಾಡಿದ್ದೇನೆ:

"ಅಹೋರಾತ್ರಿ ಹಾಡು ಪೋಣಿಸಿ ನಮ್ಮನ್ನು ಕುಣಿಸಿದ ಗೋವಾ ಗಿಲ್ ಅವರ ನೆನಪಿಗೆ. ಗೋವಾ ಟ್ರಾನ್ಸ್ ಅಭಿಮಾನಿಗಳು, ಅಂಜುನಾ."

ಮಡಗಾಂವ್‌ನಿಂದ:

"ಅಹೋರಾತ್ರಿ" ಯಾಕೆ? "ಹಗಲಿರುಳು" ಸತ್ತಿಲ್ಲ ಇನ್ನೂ.

ಪಣಜಿಯಿಂದ:

"ಹಗಲಿರುಳು" ಚುನಾವಣೆ ಕರಪತ್ರದಲ್ಲಿದೆ. ಆದರೆ ಅಹೋರಾತ್ರಿಯೂ ಸರಿಯಲ್ಲ. ಹಗಲೂ ಸೇರಿದ ಪದವೇ ಹೌದು. ಈಗ ಜನ ಕೇಳಿಸಿಕೊಳ್ಳುವುದು ರಾತ್ರಿಯಿಡೀ ಆಡುವ ಯಕ್ಷಗಾನವನ್ನು. 24 ಗಂಟೆ ತಾನೇ? 24 ಗಂಟೆ ಅಂತಲೇ ಬರೆಯಿರಿ.

ಮಾಪ್ಸಾದಿಂದ:

ಆಯಿತು, "24 ಗಂಟೆ". ಫೈಲ್ ಈಗಲೇ ಕಳಿಸುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.

ವಾಸ್ಕೋದಿಂದ:

ಅಕ್ಕಾ, ಪಿಡಿಎಫ್ ಮಾಡಿ ಕೊಡಿ. ಇಲ್ಲಿನ ಅಂಗಡಿಯವರ ಕಂಪ್ಯೂಟರಿನಲ್ಲಿ ಕನ್ನಡದ ಒತ್ತು ಒಡೆದು ಪಕ್ಕದಲ್ಲಿ ನಿಲ್ಲುತ್ತದೆ. "ಟ್ರಾನ್ಸ್" ಅಂತೂ ಖಂಡಿತ ಕೆಡುತ್ತದೆ. ಪ್ರಿಂಟ್ ಕೊಡುವ ಮೊದಲು ಸ್ಕ್ರೀನ್ ಮೇಲೆ ಒಮ್ಮೆ ನೋಡಿಬಿಡಿ.