ಬೇಸ್ ಗಿಟಾರ್‌ಗೆ ಯಾವ ಲೂಪರ್ ತೆಗೆದುಕೊಳ್ಳಲಿ? ಸ್ಟೇಜ್ ಮೇಲೆ ಲೂಪ್ ಜಾರುತ್ತಿದೆ, ದಯವಿಟ್ಟು ಹೇಳಿ

ತಂತಿ_ನಾಲ್ಕು, ಹಾಸನ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಮಗಳೂರು ಕಡೆಯ ಕೈಮರದಿಂದ ಮೇಲೆ ಒಂದು ಹೋಂಸ್ಟೇಯಲ್ಲಿ ನಮ್ಮ ಕಾರ್ಯಕ್ರಮ ಇತ್ತು. ಕಾಲಲ್ಲಿ ಒತ್ತುವ ಲೂಪರ್ ಪೆಡಲ್‌ನಲ್ಲಿ 4 ಬಾರ್‌ನ ಬೇಸ್ ಲೈನ್ ರೆಕಾರ್ಡ್ ಮಾಡಿ, ಅದು ಲೂಪ್ ಆಗಿ ಮತ್ತೆ ಮತ್ತೆ ಸುತ್ತುತ್ತಿರುವಾಗ ಅದರ ಮೇಲೆ ನಾನೇ ಸೋಲೋ ನುಡಿಸಬೇಕು ಅಂತ ಎರಡು ತಿಂಗಳು ಕೂತು ಅಭ್ಯಾಸ ಮಾಡಿದ್ದೆ. ಮನೆಯಲ್ಲಿ ಒಂದು ಸಲವೂ ತಪ್ಪಿಲ್ಲ. ಅಲ್ಲಿ ಐದಾರು ಸುತ್ತು ಬರುವಷ್ಟರಲ್ಲಿ ಲೂಪ್ ಒಂದು ಕಡೆ, ಹಾಡು ಒಂದು ಕಡೆ. ನಿಲ್ಲಿಸೋಣ ಅಂತ ಎರಡು ಸಲ ಒತ್ತಿದೆ. ಆ ಗಡಿಬಿಡಿಯಲ್ಲಿ ನಾನು ನುಡಿಸುತ್ತಿದ್ದ ಸ್ವರವೂ ಧಡ್ ಅಂತ ಒಳಗೆ ಸೇರಿಕೊಂಡು ಲೂಪ್ ಮತ್ತೆ ಸುತ್ತಿತು. ಹಾಡನ್ನು ಅರ್ಧಕ್ಕೆ ಬಿಟ್ಟೆವು. ತುಂಬಾ ಬೇಜಾರಾಗಿದೆ.

ಈಗ ಇರುವುದು ಒಂದೇ ಸ್ವಿಚ್‌ನ ಸಣ್ಣ ಲೂಪರ್. ಇದನ್ನು ಮಾರಿ ಒಳ್ಳೆಯದು ತೆಗೆದುಕೊಳ್ಳಬೇಕು. ಬಾಸ್ ಆರ್‌ಸಿ-1, ಆರ್‌ಸಿ-5, ಟಿಸಿ ಡಿಟ್ಟೊ ಎಕ್ಸ್2, ಇದರಲ್ಲಿ ಬೇಸ್‌ಗೆ ಯಾವುದು ಸರಿ? ಗಣಪತಿ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮೊದಲು ನನಗೆ ಬೇಕು.

ಮಲೆನಾಡ್_ಲೋಎಂಡ್, ಚಿಕ್ಕಮಗಳೂರು

ಗುರು, ಲೂಪರ್ ಮಾರಬೇಡ. ಮೊದಲು ಅಡಾಪ್ಟರ್ ಯಾವುದು ಹೇಳು. ಒಂದೇ ಅಡಾಪ್ಟರ್‌ಗೆ ಸರಪಳಿ ವೈರ್ ಹಾಕಿ ನಾಲ್ಕೈದು ಪೆಡಲ್ ಓಡಿಸುತ್ತಿದ್ದೀಯಾ? ಡಿಜಿಟಲ್ ಪೆಡಲ್‌ಗೆ ಕರೆಂಟ್ ಜಾಸ್ತಿ ಬೇಕು. ಡಿಟ್ಟೊ ಒಂದಕ್ಕೇ 100 ಮಿಲಿಆ್ಯಂಪ್. 9 ವೋಲ್ಟ್, ಮಧ್ಯದ ಪಿನ್ ನೆಗೆಟಿವ್, ಇದನ್ನು ಅಡಾಪ್ಟರ್ ಮೇಲಿನ ಚಿತ್ರ ನೋಡಿ ಖಚಿತ ಮಾಡಿಕೋ. ಆ ಹೋಂಸ್ಟೇಗಳಲ್ಲಿ ಸಂಜೆ ಆದರೆ ವೋಲ್ಟೇಜ್ ಬೀಳುತ್ತದೆ, ಇಲ್ಲದಿದ್ದರೆ ಜನರೇಟರ್. ನೂರಕ್ಕೆ ತೊಂಬತ್ತು ಭಾಗ ನಿನ್ನ ತೊಂದರೆ ಪವರ್‌ದೇ.

ಐದನೇ_ತಂತಿ, ಸಕಲೇಶಪುರ

ಮೂರನ್ನೂ ಬೇರೆ ಬೇರೆ ಸಮಯದಲ್ಲಿ ಇಟ್ಟುಕೊಂಡಿದ್ದೆ, ಅದಕ್ಕೆ ಹೇಳುತ್ತೇನೆ. ಅಂಗಡಿಯವರು ನಿಮಿಷದ ಲೆಕ್ಕ ಹೇಳುತ್ತಾರೆ. ಡಿಟ್ಟೊ 5 ನಿಮಿಷ, ಆರ್‌ಸಿ-1 12 ನಿಮಿಷ, ಆರ್‌ಸಿ-5 13 ಗಂಟೆ. ಸ್ಟೇಜ್ ಮೇಲೆ ನಾವು ಹಾಕುವ ಲೂಪ್ ಅರ್ಧ ನಿಮಿಷ ದಾಟುವುದಿಲ್ಲ, ಹಾಗಾಗಿ ಅದನ್ನು ಬಿಡಿ. ನೋಡಬೇಕಾದದ್ದು ಹೇಗೆ ನಿಲ್ಲುತ್ತದೆ ಅನ್ನುವುದನ್ನು.

ಒಂದೇ ಸ್ವಿಚ್‌ನ ಲೂಪರ್‌ನಲ್ಲಿ ನಿಲ್ಲಿಸಲು ಎರಡು ಸಲ ತಟ್ಟಬೇಕು. ಮೊದಲನೇ ತಟ್ಟಿಗೆ ಅದು ಓವರ್‌ಡಬ್‌ಗೆ, ಅಂದರೆ ಇರುವ ಲೂಪ್ ಮೇಲೆ ಹೊಸದನ್ನು ಸೇರಿಸಿ ರೆಕಾರ್ಡ್ ಮಾಡುವುದಕ್ಕೆ, ಹೋಗುತ್ತದೆ. ಎರಡನೇ ತಟ್ಟು ಬೀಳುವವರೆಗೆ ಕೈಯಲ್ಲಿ ಏನು ನುಡಿಯುತ್ತಿದೆಯೋ ಅದು ಸೇರಿಬಿಡುತ್ತದೆ. ಎರಡನೇದು ಸ್ವಲ್ಪ ತಡವಾದರೆ ಪೆಡಲ್ ಅದನ್ನು ಬೇರೆ ಒತ್ತು ಅಂದುಕೊಂಡು ಸುತ್ತುತ್ತಲೇ ಇರುತ್ತದೆ. ನಿಮ್ಮ 'ಧಡ್' ಇದೇ. ಗಿಟಾರ್‌ನವರಿಗೆ ಇದು ಅಷ್ಟು ಗೊತ್ತಾಗುವುದಿಲ್ಲ. ಬೇಸ್‌ನ ಖಾಲಿ ಇ ತಂತಿ 41 ಹರ್ಟ್ಜ್, ಅದು ಒಮ್ಮೆ ಒಳಗೆ ಬಿದ್ದರೆ ಎಲ್ಲರ ಎದೆಗೂ ಬಡಿಯುತ್ತದೆ.

ಡಿಟ್ಟೊ ಎಕ್ಸ್2ನಲ್ಲಿ ಎರಡನೇ ಸ್ವಿಚ್ಚನ್ನು ಸ್ಟಾಪ್‌ಗೆ ಇಡಬಹುದು. ಆರ್‌ಸಿ-1, ಆರ್‌ಸಿ-5 ಎರಡಕ್ಕೂ ಹೊರಗಿನ ಫುಟ್‌ಸ್ವಿಚ್ ಹಾಕಬಹುದು. ಬಾಸ್‌ನದೇ ಎಫ್‌ಎಸ್-5ಯು ತೆಗೆದುಕೊಳ್ಳಿ, ಎಫ್‌ಎಸ್-5ಎಲ್ ಅಲ್ಲ. ಎಲ್ ಅಂದರೆ ಒತ್ತಿದರೆ ಹಾಗೇ ಕಚ್ಚಿಕೊಳ್ಳುವುದು, ಇಲ್ಲಿಗೆ ಸರಿಹೋಗುವುದಿಲ್ಲ.

ತಂತಿ_ನಾಲ್ಕು, ಹಾಸನ

ಐದನೇ ತಂತಿ ಅವರೇ, ತುಂಬಾ ಧನ್ಯವಾದ. ಆ ಧಡ್ ಯಾಕೆ ಬರುತ್ತದೆ ಅಂತ ಈಗ ಅರ್ಥವಾಯಿತು. ಮಲೆನಾಡ್ ಅಣ್ಣ, ಪವರ್ ತೊಂದರೆ ಇದ್ದರೆ ಬರುವ ಹಮ್ (ಗುಂಯ್ ಶಬ್ದ) ಇಲ್ಲ. ಶಬ್ದದ ತೊಂದರೆ ಅಂತ ನಾನು ಹೇಳಲೇ ಇಲ್ಲ, ತಾಳ ತಪ್ಪುತ್ತಿದೆ ಅಂದೆ.

ಕಿಕ್_ಸ್ನೇರ್, ಬೇಲೂರು

ನಾನು ಡ್ರಮ್ಸ್ ನುಡಿಸುವವನು. ಡ್ರಮ್ಮರ್ ಇದ್ದರಾ? ಅವರಿಗೆ ಲೂಪ್ ಕೇಳಿಸುತ್ತಿತ್ತಾ?

ಮಲೆನಾಡ್_ಲೋಎಂಡ್, ಚಿಕ್ಕಮಗಳೂರು

ಹಮ್ ಬರದೇ ಇದ್ದರೂ ಪವರ್ ತೊಂದರೆ ಇರಬಹುದು. ವೋಲ್ಟೇಜ್ ಇಳಿದರೆ ಪೆಡಲ್ ನಿಧಾನ ಆಗುತ್ತದೆ, ಲೂಪ್ ಹಿಂದೆ ಬೀಳುತ್ತದೆ. ಲೂಪ್ ಹಿಂದೆ ಬೀಳುತ್ತಿತ್ತೋ ಮುಂದೆ ಓಡುತ್ತಿತ್ತೋ? ನಾನು ಎಲ್ಲ ಪೆಡಲ್‌ಗೂ ಬೇರೆ ಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಸಪ್ಲೈ ಹಾಕಿದ ಮೇಲೆ ಒಂದು ದಿನವೂ ಕೈಕೊಟ್ಟಿಲ್ಲ.

ಹಳೆ_ಆರ್ಕೆಸ್ಟ್ರಾ, ಹಾಸನ

ತಮ್ಮಾ, ಆಕ್ಟಿವ್ ಬೇಸೋ (ಒಳಗೆ ಬ್ಯಾಟರಿ, ಪ್ರಿಆ್ಯಂಪ್ ಇರುವುದು) ಪ್ಯಾಸಿವ್ವೋ (ಅವು ಇಲ್ಲದ್ದು) ಅದನ್ನೇ ಹೇಳಿಲ್ಲ ನೀನು. ಆಕ್ಟಿವ್ ಆದರೆ ಬ್ಯಾಟರಿ ನೋಡು. ಕೇಬಲ್ ಜ್ಯಾಕ್‌ನಲ್ಲೇ ಬಿಟ್ಟರೆ ಪ್ರಿಆ್ಯಂಪ್ ಆನ್ ಆಗೇ ಇರುತ್ತದೆ, ಬ್ಯಾಟರಿ ಸುಮ್ಮನೆ ಖರ್ಚಾಗುತ್ತಾ ಹೋಗುತ್ತದೆ. ಬ್ಯಾಟರಿ ಸಾಯುವಾಗ ಸ್ವರ ಒಡೆಯುತ್ತದೆ, ಲೂಪ್‌ನಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳುತ್ತದೆ.

ನಾನು 1994ರಿಂದ ಗಣಪತಿ ಪೆಂಡಾಲ್‌ಗಳಲ್ಲಿ ನುಡಿಸುತ್ತಿದ್ದೇನೆ. ಆಗ ನಮ್ಮ ಕಡೆ ಲೂಪರ್ ಎಲ್ಲಿತ್ತು? ಅದಕ್ಕೂ ಮೊದಲೇ ಅಮೆರಿಕದ ಬೇಸ್ ವಾದಕ ಜ್ಯಾಕೊ ಪಾಸ್ಟೋರಿಯಸ್ ಡಿಜಿಟಲ್ ಡಿಲೇ (ನುಡಿಸಿದ್ದನ್ನು ತಡವಾಗಿ ಮತ್ತೆ ಕೇಳಿಸುವ ಯಂತ್ರ) ಇಟ್ಟುಕೊಂಡು ಸ್ಟೇಜ್ ಮೇಲೆ ಒಬ್ಬನೇ ಬೇಸ್ ಮೇಲೆ ಬೇಸ್ ಪೇರಿಸಿದ್ದ. ಅದನ್ನು ಕ್ಯಾಸೆಟ್‌ನಲ್ಲಿ ಕೇಳಿ ನನಗೆ ಹುಚ್ಚು ಹಿಡಿದಿತ್ತು. ಈಗಲೂ ನನ್ನ ಹತ್ತಿರ 15 ಇಂಚಿನ ಸ್ಪೀಕರ್‌ನ ಹಳೇ ಕ್ಯಾಬಿನೆಟ್ ಇದೆ, ಇಬ್ಬರು ಹೊರಬೇಕು. ಅದರಲ್ಲಿ ಬರುವ ತಳದ ಸ್ವರ ಇವತ್ತಿನ ಸಣ್ಣ ಡಬ್ಬಗಳಲ್ಲಿ ಬರುವುದಿಲ್ಲ.

ಐದನೇ_ತಂತಿ, ಸಕಲೇಶಪುರ

ಸಾರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಆಕ್ಟಿವ್ ಪ್ಯಾಸಿವ್‌ಗೂ ತಾಳಕ್ಕೂ ಸಂಬಂಧ ಇಲ್ಲ. ಮಲೆನಾಡ್, ನಿಮ್ಮ ಮಾತೂ ತಪ್ಪು. ಡಿಜಿಟಲ್ ಲೂಪರ್ ಒಳಗೆ ವೇಗ ಹಿಡಿಯುವುದು ಗಡಿಯಾರದಲ್ಲಿ ಇರುವಂಥ ಕ್ರಿಸ್ಟಲ್. ವೋಲ್ಟೇಜ್ ಇಳಿದರೆ ಪೆಡಲ್ ಆಫ್ ಆಗಿ ಮತ್ತೆ ಆನ್ ಆಗಬಹುದು, ನಿಧಾನ ಆಗುವುದಿಲ್ಲ. ಟೇಪ್ ಯಂತ್ರ ಆಗಿದ್ದರೆ ನೀವು ಹೇಳಿದ ಹಾಗೆ ಆಗುತ್ತಿತ್ತು.

ಮಲೆನಾಡ್_ಲೋಎಂಡ್, ಚಿಕ್ಕಮಗಳೂರು

ನಾನು ಹದಿನೈದು ವರ್ಷದಿಂದ ಸ್ಟೇಜ್‌ನಲ್ಲಿ ಇದ್ದೇನೆ ಸ್ವಾಮಿ. ಮಳೆಗಾಲದಲ್ಲಿ ಆಲ್ದೂರು ಕಡೆ ಒಂದು ಸಲ ನುಡಿಸಿ ನೋಡಿ, ಪವರ್ ಅಂದರೆ ಏನು ಅಂತ ಗೊತ್ತಾಗುತ್ತದೆ.

ತಂತಿ_ನಾಲ್ಕು, ಹಾಸನ

ದಯವಿಟ್ಟು ಜಗಳ ಬೇಡ. ಲೂಪ್ ಹಿಂದೆ ಬೀಳುತ್ತಿತ್ತು. ಬೇಸ್ ಪ್ಯಾಸಿವ್. ಲೂಪರ್ ಇರುವುದು ಬೇಸ್ ಆದ ತಕ್ಷಣ, ಆಮೇಲೆ ಓವರ್‌ಡ್ರೈವ್ (ಸ್ವರ ಒರಟು ಮಾಡುವ ಪೆಡಲ್), ಕಂಪ್ರೆಸರ್ (ಜೋರು, ಮೆಲು ಸಮ ಮಾಡುವ ಪೆಡಲ್). ಹೌದು, ಡ್ರಮ್ಮರ್ ಇದ್ದ, ಇಲ್ಲದೇ ಹಾಡು ಹೇಗೆ ಆಗುತ್ತದೆ! ಅವನ ಪಕ್ಕ ಒಂದು ಮಾನಿಟರ್ ಸ್ಪೀಕರ್ ಇತ್ತು, ಅದರಲ್ಲಿ ಹಾಡುವವರ ಧ್ವನಿ ಮಾತ್ರ ಬರುತ್ತಿತ್ತು. ನನ್ನ ಆ್ಯಂಪ್ ಸ್ಟೇಜ್‌ನ ಇನ್ನೊಂದು ತುದಿಯಲ್ಲಿ, ಜನರ ಕಡೆಗೆ ತಿರುಗಿಸಿ ಇಟ್ಟಿದ್ದೆ.

ಕಿಕ್_ಸ್ನೇರ್, ಬೇಲೂರು

ಹಾಗಾದರೆ ಇದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ನನಗೂ ಆಗಿದೆ, ಆಗ ತಪ್ಪೆಲ್ಲ ಡ್ರಮ್ಮರ್ ತಲೆಗೇ ಬಂದಿತ್ತು.

ಹಾಡಿನ ವೇಗ ನಿಮಿಷಕ್ಕೆ 96 ಬೀಟ್ ಅಂತ ಇಟ್ಟುಕೊಳ್ಳಿ. 4 ಬಾರ್, ಬಾರ್‌ಗೆ 4 ಬೀಟ್, ಒಟ್ಟು 16 ಬೀಟ್. ಒಂದು ಬೀಟ್ 625 ಮಿಲಿಸೆಕೆಂಡ್, 16ಕ್ಕೆ ಸರಿಯಾಗಿ 10 ಸೆಕೆಂಡ್. ಲೂಪ್ ಮುಗಿಸುವಾಗ ನಿಮ್ಮ ಕಾಲು ಬರೀ 60 ಮಿಲಿಸೆಕೆಂಡ್ ತಡವಾಯಿತು. ಲೂಪ್ ಈಗ 10.06 ಸೆಕೆಂಡ್. ಒಂದು ಸುತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಆರು ಸುತ್ತಾದರೆ 360 ಮಿಲಿಸೆಕೆಂಡ್, ಅಂದರೆ ಅರ್ಧ ಬೀಟ್‌ಗಿಂತ ಜಾಸ್ತಿ. ನೀವು ಐದಾರು ಸುತ್ತು ಅಂದಿರಿ ಅಲ್ವಾ.

ಡ್ರಮ್ಮರ್‌ಗೆ ಲೂಪ್ ಕೇಳಿಸಿದ್ದರೆ ಅವನು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತಿದ್ದ, 10.06 ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೇಳಿಸದೇ ಇದ್ದಾಗ ಅವನು ಹಾಡುವವರ ಜೊತೆ ಹೋಗುತ್ತಾನೆ, ಲೂಪ್ ಒಂಟಿಯಾಗಿ ಹಿಂದೆ ಉಳಿಯುತ್ತದೆ. ಮನೆಯಲ್ಲಿ ನೀವು ಒಬ್ಬರೇ ಲೂಪ್ ಕೇಳಿಕೊಂಡೇ ನುಡಿಸುತ್ತೀರಿ, ಅದಕ್ಕೇ ಅಲ್ಲಿ ತಪ್ಪಲಿಲ್ಲ.

ಒಂದು ಕೆಲಸ ಮಾಡಿ. ಮೆಟ್ರೊನೋಮ್ 96ಕ್ಕೆ ಇಟ್ಟು ಲೂಪ್ ಹಾಕಿ, ಮೆಟ್ರೊನೋಮ್ ನಿಲ್ಲಿಸಿ, ಲೂಪನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಮೊದಲನೇ ಸುತ್ತಿನ ಮೊದಲ ಸ್ವರದಿಂದ ಹನ್ನೊಂದನೇ ಸುತ್ತಿನ ಮೊದಲ ಸ್ವರಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ. 100 ಬರಬೇಕು.

ಐದನೇ_ತಂತಿ, ಸಕಲೇಶಪುರ

ಕಿಕ್ ಸ್ನೇರ್ ಹೇಳಿದ್ದು ಸರಿ, ನಾನು ಸ್ವಿಚ್ ಹಿಂದೆ ಬಿದ್ದು ಅದನ್ನು ಕೇಳಲೇ ಇಲ್ಲ. ಒಂದು ಸೇರಿಸುತ್ತೇನೆ. ಶುರುವಿನ ಒತ್ತು, ಕೊನೆಯ ಒತ್ತು ಎರಡೂ ಒಂದೇ ಅಷ್ಟು ತಡವಾದರೆ ಉದ್ದ ಸರಿಯಾಗೇ ಬರುತ್ತದೆ. ಶುರುವಿನಲ್ಲಿ ಕೈ ಖಾಲಿ ಇರುತ್ತದೆ, ಸರಿಯಾಗಿ ಒತ್ತುತ್ತೇವೆ. ಕೊನೆಯಲ್ಲಿ ಎಡಗೈ ಮುಂದಿನ ಸ್ವರಕ್ಕೆ ಓಡುತ್ತಿರುತ್ತದೆ, ಕಾಲು ಅದಕ್ಕೆ ಕಾಯುತ್ತದೆ. ಲೂಪ್‌ನ ಕೊನೆಯ ಬೀಟ್ ಖಾಲಿ ಬಿಟ್ಟು ನುಡಿಸಿ, ಕಾಲು ತಾನೇ ಸಮಯಕ್ಕೆ ಬರುತ್ತದೆ.

ಲೂಪರ್ ಜಾಗವೂ ಬದಲಿಸಿ. ಓವರ್‌ಡ್ರೈವ್‌ಗಿಂತ ಮುಂಚೆ ಇದ್ದರೆ ಸೋಲೋಗೆ ಅಂತ ನೀವು ಡ್ರೈವ್ ಒತ್ತಿದ ತಕ್ಷಣ ಲೂಪ್ ಕೂಡ ಅದರೊಳಗೆ ಹೋಗಿ ಎರಡೂ ಕಲಸಿಕೊಳ್ಳುತ್ತವೆ. ಕೊನೆಯಲ್ಲಿ ಇಡಿ. ಸೋಲೋವನ್ನು 12ನೇ ಫ್ರೆಟ್‌ನಿಂದ ಮೇಲಿನ ಸ್ವರಗಳಲ್ಲಿ ನುಡಿಸಿ, ಲೂಪ್ ಲೆವೆಲ್ ಸ್ವಲ್ಪ ಇಳಿಸಿ. ತಳದಲ್ಲಿ ಎರಡು ಬೇಸ್ ಒಟ್ಟಿಗೆ ಬಂದರೆ ಬರೀ ಗುಂಯ್ ಅನ್ನುತ್ತದೆ.

ಹಳೆ_ಆರ್ಕೆಸ್ಟ್ರಾ, ಹಾಸನ

ಆ್ಯಂಪನ್ನು ಜನರ ಕಡೆ ತಿರುಗಿಸಿ ಇಟ್ಟರೆ ಹಿಂದೆ ಕೂತ ಡ್ರಮ್ಮರ್‌ಗೆ ಸ್ವರದ ಅಂಚು ತಲುಪುವುದಿಲ್ಲ, ಬರೀ ಗುಡುಗು ತಲುಪುತ್ತದೆ. ಪೆಡಲ್‌ಗಳ ಬೋರ್ಡ್‌ನ ಕೊನೆಯಿಂದ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬ) ಹಾಕಿ ಮಿಕ್ಸರ್‌ಗೆ ಕೊಡು. ಅಲ್ಲಿಂದ ಆಕ್ಸ್‌ನಲ್ಲಿ (ಮಿಕ್ಸರ್‌ನ ಪ್ರತ್ಯೇಕ ಔಟ್‌ಪುಟ್) ಡ್ರಮ್ಮರ್‌ನ ಮಾನಿಟರ್‌ಗೆ ಕಳಿಸು ಅಂತ ಸೌಂಡಿನವರಿಗೆ ಕಾರ್ಯಕ್ರಮಕ್ಕೆ ಮೊದಲೇ ಹೇಳು. ಶುರುವಾದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ನಾವು ಆರ್ಕೆಸ್ಟ್ರಾದಲ್ಲಿ ಬೇಸ್‌ನವರು ಯಾವಾಗಲೂ ಡ್ರಮ್ಸ್‌ನ ಹೈಹ್ಯಾಟ್ ಪಕ್ಕವೇ ನಿಲ್ಲುತ್ತಿದ್ದೆವು.

ತಂತಿ_ನಾಲ್ಕು, ಹಾಸನ

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಳೆದೆ. ಮೊದಲನೇ ಸಲ 100.7 ಬಂತು. ಎರಡನೇ ಸಲ 100.6. ನೋಡಿ ಕೂತುಬಿಟ್ಟೆ. ಎರಡು ತಿಂಗಳು ನಾನು ಅಭ್ಯಾಸ ಮಾಡಿದ್ದು ಕೈಯನ್ನು ಮಾತ್ರ, ಕಾಲನ್ನು ಅಲ್ಲ. ಕೊನೆಯ ಬೀಟ್ ಖಾಲಿ ಬಿಟ್ಟು, ಶೂ ಬಿಚ್ಚಿ ಬರೀ ಸಾಕ್ಸ್‌ನಲ್ಲಿ ಒತ್ತಿದೆ. ಸ್ವಿಚ್ ಎಲ್ಲಿ ಕಚ್ಚುತ್ತದೆ ಅಂತ ಹೆಬ್ಬೆರಳಿನ ಬುಡಕ್ಕೆ ಗೊತ್ತಾಗುತ್ತದೆ. ಈಗ 100.1, 100.2 ಬರುತ್ತಿದೆ.

ನಿನ್ನೆ ರಿಹರ್ಸಲ್‌ನಲ್ಲಿ ಡ್ರಮ್ಮರ್‌ಗೆ ಲೂಪ್ ಕೇಳುವ ಹಾಗೆ ಮಾನಿಟರ್ ಇಟ್ಟೆವು. ಹದಿನಾರು ಸುತ್ತು ಹೋಯಿತು, ಜಾರಲಿಲ್ಲ. ಅವನು ನಕ್ಕ. ಅವತ್ತು ರಾತ್ರಿ ನಾನು ಅವನನ್ನು ಬೈದಿದ್ದೆ, ಅದಕ್ಕೆ ಕ್ಷಮೆ ಕೇಳಿದೆ.

ಮಲೆನಾಡ್ ಅಣ್ಣ, ನೀವು ಹೇಳಿದ್ದಕ್ಕೆ ಅಡಾಪ್ಟರ್ ಕೂಡ ನೋಡಿದೆ. ಸರಪಳಿ ವೈರ್‌ನಲ್ಲೇ ನಾಲ್ಕು ಪೆಡಲ್ ಇತ್ತು. ನುಡಿಸದೇ ಸುಮ್ನೆ ನಿಂತಾಗ ಕೀ ಅಂತ ಸಣ್ಣ ಶಬ್ದ ಬರುತ್ತಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಲೂಪರ್‌ಗೆ ಬೇರೆ ಅಡಾಪ್ಟರ್ ಹಾಕಿದೆ, ಹೋಯಿತು.

ಆದರೆ ನಿಲ್ಲಿಸುವುದು ಇನ್ನೂ ಕಷ್ಟ. ಎಡಗೈಯಲ್ಲಿ ತಂತಿ ಮುಚ್ಚಿ ಎರಡು ಸಲ ತಟ್ಟುತ್ತೇನೆ, ಹತ್ತರಲ್ಲಿ ಎರಡು ಸಲ ತಪ್ಪುತ್ತದೆ. ಹಾಗಾಗಿ ಹೊಸ ಲೂಪರ್ ಬೇಕೇ ಬೇಕು. ಆರ್‌ಸಿ-1 ಮತ್ತು ಎಫ್‌ಎಸ್-5ಯು ಸಾಕಾ, ಇಲ್ಲ ಆರ್‌ಸಿ-5ಕ್ಕೆ ಹೋಗಲಾ?

ಮಲೆನಾಡ್_ಲೋಎಂಡ್, ಚಿಕ್ಕಮಗಳೂರು

ಅಡಾಪ್ಟರ್ ಬದಲಿಸಿದ್ದು ಒಳ್ಳೆಯದಾಯಿತು. ತಾಳದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪುತ್ತೇನೆ.

ಐದನೇ_ತಂತಿ, ಸಕಲೇಶಪುರ

ಸ್ಟೇಜ್ ಮೇಲೇ ಹಾಕಿ ಅಲ್ಲೇ ಅಳಿಸುವ ಲೂಪ್ ಆದರೆ ಆರ್‌ಸಿ-1 ಮತ್ತು ಫುಟ್‌ಸ್ವಿಚ್ ಸಾಕು. ಅದರಲ್ಲಿ ಸುತ್ತುವ ದೀಪದ ಉಂಗುರ ಇದೆ, ಲೂಪ್ ಎಲ್ಲಿಗೆ ಬಂತು ಅಂತ ಕತ್ತಲಲ್ಲೂ ಕಾಣುತ್ತದೆ. ಆದರೆ ಬೇರೆ ಬೇರೆ ಲೂಪ್‌ಗಳನ್ನು ಉಳಿಸಿಡುವ ಜಾಗ ಇಲ್ಲ. ಮನೆಯಲ್ಲೇ ಸರಿಯಾಗಿ ಮಾಡಿ ತರುತ್ತೇನೆ ಅಂದರೆ ಆರ್‌ಸಿ-5, ಅದರಲ್ಲಿ 99 ಮೆಮೊರಿ ಇದೆ. ಮುಂದೆ ಡ್ರಮ್ಮರ್ ಕ್ಲಿಕ್ (ಮೆಟ್ರೊನೋಮ್ ಶಬ್ದ) ಹಾಕಿಕೊಂಡು ನುಡಿಸುವ ಹಾಗಿದ್ದರೂ ಅದೇ, ಬೇರೆ ಯಂತ್ರದ ಜೊತೆ ವೇಗ ಹೊಂದಿಸುವ ಮಿಡಿ ಸಂಪರ್ಕ ಇದೆ. ನನ್ನ ಹತ್ತಿರ ಈಗ ಇರುವುದೂ ಅದೇ.

ತಂತಿ_ನಾಲ್ಕು, ಹಾಸನ

ಭಾನುವಾರ ಸಕಲೇಶಪುರಕ್ಕೆ ಬಂದರೆ ಒಂದು ಗಂಟೆ ನುಡಿಸಿ ನೋಡಬಹುದಾ? ಡ್ರಮ್ಮರನ್ನೂ ಕರೆದುಕೊಂಡು ಬರುತ್ತೇನೆ.

ಐದನೇ_ತಂತಿ, ಸಕಲೇಶಪುರ

ಬನ್ನಿ, ಹತ್ತು ಗಂಟೆ ಮೇಲೆ. ಫುಟ್‌ಸ್ವಿಚ್ ನನ್ನ ಹತ್ತಿರ ಇದೆ, ಅದರ ಕೇಬಲ್ ಹೋಗಿದೆ. ಒಂದು ಮೊನೊ ಕೇಬಲ್ ತನ್ನಿ.