ಹಾಸನ ಜಿಲ್ಲೆಯ ಲೈಸೆನ್ಸ್ ಇರುವ ರಿವಾಲ್ವರ್, ಕೋವಿ ವಯನಾಡಿಗೆ ಒಯ್ಯಲು ಏನು ಮಾಡಬೇಕು?

ಹೆತ್ತೂರು ಕಡೆಯವ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟ ಇದೆ. ಲೈಸೆನ್ಸಿನಲ್ಲಿ ಎರಡು ಆಯುಧ ಇವೆ: 12 ಬೋರಿನ ಜೋಡು ನಳಿಗೆ ಕೋವಿ ಮತ್ತು .32 ರಿವಾಲ್ವರ್. ಈಗ ಮಾನಂದವಾಡಿ ಹತ್ತಿರ ಸ್ವಲ್ಪ ಮೆಣಸಿನ ತೋಟ ತಗೊಂಡಿದ್ದೇವೆ. ತಿಂಗಳಿಗೆ ಎರಡು ಸಲ ಬಟವಾಡೆ ದುಡ್ಡು ಹಿಡಿದು ಹೋಗಬೇಕು. ರಿವಾಲ್ವರ್ ಸೊಂಟದಲ್ಲಿಟ್ಟುಕೊಂಡು ಕೇರಳಕ್ಕೆ ಹೋಗಬಹುದಾ? ಹಂದಿ ಕಾಟಕ್ಕೆ ಕೋವಿಯೂ ಅಲ್ಲಿ ಬೇಕು. ಅರ್ಜಿ ಇಲ್ಲಿ ಹಾಕಬೇಕೋ ಅಲ್ಲಿ ಹಾಕಬೇಕೋ?

ಮೂಡಿಗೆರೆಯ ಹಳೇ ಗುಮಾಸ್ತ:
ಮೊದಲು ಲೈಸೆನ್ಸ್ ಪುಸ್ತಕ ತೆಗೆದು ಎರಡು ವಿಷಯ ನೋಡಿ ಸಾರ್. ಒಂದು, ಯಾವ ನಮೂನೆ. ನಮೂನೆ 3 ಅಂದರೆ ಆತ್ಮರಕ್ಷಣೆ, ಕ್ರೀಡೆಗೆ ಕೊಟ್ಟದ್ದು. ನಮೂನೆ 4 ಬೆಳೆ ರಕ್ಷಣೆಗೆ. ಎರಡನೆಯದು, ವ್ಯಾಪ್ತಿ ಎಂಬ ಕಡೆ ಏನು ಬರೆದಿದ್ದಾರೆ: ಹಾಸನ ಜಿಲ್ಲೆಯೋ, ಕರ್ನಾಟಕ ರಾಜ್ಯವೋ. ಬಹಳ ಜನ ಇದನ್ನು ಓದುವುದೇ ಇಲ್ಲ. ಲೈಸೆನ್ಸ್ ಇದೆ ಅಂದರೆ ದೇಶಕ್ಕೆಲ್ಲ ನಡೆಯುತ್ತೆ ಅಂದುಕೊಂಡಿರುತ್ತಾರೆ, ಡ್ರೈವಿಂಗ್ ಲೈಸೆನ್ಸ್ ಥರ. ಹಾಗಿಲ್ಲ. ಬರೆದ ವ್ಯಾಪ್ತಿಯ ಗಡಿ ದಾಟಿದ ಕೂಡಲೇ ನಿಮ್ಮ ಕೈಲಿರುವುದು ಲೈಸೆನ್ಸ್ ಇಲ್ಲದ ಆಯುಧಕ್ಕೆ ಸಮ.

ಲೈಸೆನ್ಸ್ ಷರತ್ತು ಉಲ್ಲಂಘನೆ ಅಂತ ಆರ್ಮ್ಸ್ ಆಕ್ಟಿನ 30ನೇ ಸೆಕ್ಷನ್ ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಗಡಿ ಠಾಣೆಯವರು ಲೈಸೆನ್ಸ್ ಇಲ್ಲದ ಆಯುಧ ಅಂತ ಅದೇ ಆಕ್ಟಿನ 25(1ಬಿ) ಸೆಕ್ಷನ್ ಹಾಕಿದರೆ 2019ರ ತಿದ್ದುಪಡಿ ಆದಮೇಲೆ ಕನಿಷ್ಠ 2 ವರ್ಷ, 5ರವರೆಗೆ ಹೋಗಬಹುದು.

ಅರ್ಜಿ ಇಲ್ಲಿಯೇ, ಲೈಸೆನ್ಸ್ ಕೊಟ್ಟ ಡಿಸಿ ಆಫೀಸಿಗೆ. ಆಯುಧ ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಆದ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್‌ನಲ್ಲಿ ನಿಮ್ಮ ಯುಐಎನ್ (ಲೈಸೆನ್ಸುದಾರರಿಗೆ ಕೊಟ್ಟ ಗುರುತಿನ) ಸಂಖ್ಯೆ ಹಾಕಿ ವ್ಯಾಪ್ತಿ ವಿಸ್ತರಣೆಗೆ ಅರ್ಜಿ ತುಂಬಿ, ಪ್ರಿಂಟ್ ತೆಗೆದು ಅಸಲು ಲೈಸೆನ್ಸ್ ಜೊತೆ ಕೊಡಿ. ರಾಜ್ಯದ ಗಡಿ ದಾಟುವ ವಿಷಯ ಡಿಸಿ ಒಬ್ಬರ ಕೈಲಿ ಮುಗಿಯಲ್ಲ. ಪೊಲೀಸ್ ವರದಿ ಸೇರಿಸಿ ಕಡತ ಬೆಂಗಳೂರಿಗೆ, ಗೃಹ ಇಲಾಖೆಗೆ ಹೋಗುತ್ತೆ.

ಕಡತ ನಿಲ್ಲುವುದು ಎಲ್ಲಿ ಅಂದರೆ ಕಾರಣದ ಜಾಗದಲ್ಲಿ. 'ವ್ಯವಹಾರ ನಿಮಿತ್ತ' ಅಂತ ಒಂದು ಸಾಲು ಗೀಚಿದರೆ ವಾಪಸ್ ಬರುತ್ತೆ. ವಯನಾಡಿನ ಜಮೀನಿನ ಕ್ರಯಪತ್ರ, ಅಲ್ಲಿನ ವಿಲೇಜ್ ಆಫೀಸಿನ ಸ್ವಾಧೀನ ಪ್ರಮಾಣಪತ್ರ, ಭೂ ತೆರಿಗೆ ರಸೀದಿ, ಬಟವಾಡೆ ಪುಸ್ತಕದ ಹಾಳೆಗಳು, ಬ್ಯಾಂಕಿನಿಂದ ಹಣ ತೆಗೆದ ವಿವರ, ಇಷ್ಟಿದ್ದರೆ ಓದುವವರಿಗೆ ನಂಬಿಕೆ ಬರುತ್ತೆ. ಮಲಯಾಳಂ ಕಾಗದಕ್ಕೆ ನೋಟರಿ ಸಹಿ ಇರುವ ಅನುವಾದ ಸೇರಿಸಿ. 'ಇಡೀ ಭಾರತ' ಕೇಳಬೇಡಿ, 'ಕೇರಳ ರಾಜ್ಯ' ಅಂತಷ್ಟೇ ಕೇಳಿ. ದೊಡ್ಡದು ಕೇಳಿದಷ್ಟೂ ದೊಡ್ಡ ಕಾರಣ ತೋರಿಸಬೇಕು.

ಲೈಸೆನ್ಸ್ ಅವಧಿ ಮುಗಿಯಲು ಕೆಲವೇ ತಿಂಗಳಿದ್ದರೆ ಮೊದಲು ನವೀಕರಣ ಮುಗಿಸಿಕೊಳ್ಳಿ. ಈಗ ಅವಧಿ 5 ವರ್ಷ. ಎರಡು ಅರ್ಜಿ ಒಟ್ಟಿಗೆ ಓಡಿಸಿದರೆ ಒಂದರ ಕಾಗದ ಇನ್ನೊಂದರ ಕಡತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ತಿರಸ್ಕಾರ ಆದರೆ ಕಾರಣ ಲಿಖಿತವಾಗಿ ಕೇಳಿ ಪಡೆಯಿರಿ, 30 ದಿನದೊಳಗೆ ಮೇಲ್ಮನವಿ ಹಾಕಬೇಕು.

ಕೋವಿಯದು ನಮೂನೆ 4 ಆಗಿದ್ದರೆ ಕಥೆ ಬೇರೆ. ಅದು ಅದರಲ್ಲಿ ಬರೆದ ಜಮೀನಿಗಷ್ಟೇ ಅಂಟಿಕೊಂಡದ್ದು, ಬೇರೆ ರಾಜ್ಯದ ತೋಟಕ್ಕೆ ಎಳೆಯಲು ಹೋಗಬೇಡಿ.

ಮುತ್ತೋಡಿ ರಸ್ತೆ:
ಗುಮಾಸ್ತರು ಹೇಳಿದ್ದು ಸರಿ. ವಿಸ್ತರಣೆ ಸಿಕ್ಕರೂ ದಾರಿಯ ಸಮಸ್ಯೆ ಉಳಿಯುತ್ತೆ. ಯಾವ ಕಡೆಯಿಂದ ಹೋಗ್ತೀರಿ? ಕುಶಾಲನಗರ, ಗೋಣಿಕೊಪ್ಪ, ಕುಟ್ಟ ಅಂತ ಹೋದರೆ ತೋಲ್ಪೆಟ್ಟಿ ಹತ್ತಿರ ವಯನಾಡು ಅಭಯಾರಣ್ಯ. ಎಚ್.ಡಿ. ಕೋಟೆ, ಬಾವಲಿ ಕಡೆಯಿಂದಾದರೆ ನಾಗರಹೊಳೆ. ಗುಂಡ್ಲುಪೇಟೆಯಿಂದಾದರೆ ಬಂಡೀಪುರ, ಆಮೇಲೆ ಮುತ್ತಂಗ. 1972ರ ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಹೆದ್ದಾರಿಯಲ್ಲಿ ಹಾದುಹೋಗುವವರಿಗೆ 27ನೇ ಸೆಕ್ಷನ್ನಿನಲ್ಲಿ ಪ್ರವೇಶಕ್ಕೆ ರಿಯಾಯಿತಿ ಇದೆ ನಿಜ, ಆದರೆ ಅದು ಮನುಷ್ಯನಿಗೆ. ಆಯುಧದ ನಿಷೇಧ ಪ್ರತ್ಯೇಕ ಸೆಕ್ಷನ್ನು. ಅರಣ್ಯ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆರೆಸಿದಾಗ 'ಲೈಸೆನ್ಸ್ ಇದೆ ಸಾರ್' ಅಂದರೆ ಅವರು ಕೇಳುವುದು ಇನ್ನೊಂದು ಕಾಗದ. ಎರಡೂ ರಾಜ್ಯದ ಕಾಡು ಹಾದರೆ ಎರಡೂ ಕಡೆಯ ಅನುಮತಿ ಬೇಕು.

ಇನ್ನೊಂದು ವಿಷಯ. ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸ ಇದ್ದವರು 34ನೇ ಸೆಕ್ಷನ್ ಪ್ರಕಾರ ಕೋವಿ ನೋಂದಣಿ ಮಾಡಿಸಿರಬೇಕು. ಭದ್ರಾ ಅಭಯಾರಣ್ಯದ ಸುತ್ತಮುತ್ತ ಇರುವ ನಮಗೆ ಇದು ಗೊತ್ತು. ನಿಮ್ಮ ಕಡೆ ಬಿಸಿಲೆ ಆಚೆ ಪುಷ್ಪಗಿರಿ ಅಭಯಾರಣ್ಯ ಇದೆ, ಅಳತೆ ನೋಡಿಕೊಳ್ಳಿ. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲೂ ವಾರ್ಡನ್ ಒಪ್ಪಿಗೆ ಬೇಕು. ಮಾನಂದವಾಡಿ ತೋಟ ಕಾಡಂಚಿನಲ್ಲಿದ್ದರೆ ಇದೇ ಅಡ್ಡಿ ಅಲ್ಲೂ ಬರುತ್ತೆ.

ಹೆತ್ತೂರು ಕಡೆಯವ:
ಧನ್ಯವಾದ. ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ. ಎರಡೂ ನಮೂನೆ 3, ವ್ಯಾಪ್ತಿ 'ಕರ್ನಾಟಕ ರಾಜ್ಯ' ಅಂತಿದೆ. ಸೊಂಟದಲ್ಲಿ ಮುಚ್ಚಿ ಇಟ್ಟುಕೊಳ್ಳುವುದು ತಪ್ಪಾ? ನಾನು ಹೋಗದ ದಿನ ತೋಟದ ರೈಟರ್ (ಲೆಕ್ಕ ಬರೆಯುವವರು) ತಗೊಂಡು ಹೋಗಬಹುದಾ?

ಮೂಡಿಗೆರೆಯ ಹಳೇ ಗುಮಾಸ್ತ:
ಮುಚ್ಚಿಡುವುದು ತಪ್ಪಲ್ಲ, ಕಾಣುವ ಹಾಗೆ ಇಟ್ಟುಕೊಂಡರೇ ತಪ್ಪು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಹೋಲ್ಸ್ಟರ್‌ನಲ್ಲಿ ಮೈಗೆ ಕಟ್ಟಿರಬೇಕು, ಇಲ್ಲವೇ ಬೆನ್ನುಚೀಲದಂಥದರಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಪ್ಯಾಂಟಿಗೆ ಸಿಕ್ಕಿಸಿಕೊಂಡು ಹೋಗುವುದು, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಟೀ ಕುಡಿಯಲು ಇಳಿಯುವುದು ಎರಡೂ ಬೇಡ. ಕೋವಿಗೆ ಅದರದ್ದೇ ಚೀಲ, ತೋಟೆ ಖಾಲಿ ಮಾಡಿ ನಳಿಗೆ ಮಡಚಿ ಇಡಿ. ತೋಟೆ ಬೇರೆ ಡಬ್ಬಿಯಲ್ಲಿರಲಿ. ಎಣಿಕೆ ಲೈಸೆನ್ಸಿನಲ್ಲಿ ಬರೆದದ್ದಕ್ಕಿಂತ ಒಂದೂ ಹೆಚ್ಚಿರಬಾರದು.

ರೈಟರ್ ವಿಷಯ: ಆರ್ಮ್ಸ್ ಆಕ್ಟಿನ 3ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಬಾಗಿಲು ಇದೆ. ನಿಮ್ಮ ಸಮಕ್ಷಮ, ಇಲ್ಲವೇ ನಿಮ್ಮ ಲಿಖಿತ ಅನುಮತಿಯಲ್ಲಿ, ರಿಪೇರಿಗೋ ನವೀಕರಣಕ್ಕೋ ನಿಮ್ಮ ಉಪಯೋಗಕ್ಕೋ ಇನ್ನೊಬ್ಬರು ಒಯ್ಯಬಹುದು. ದುಡ್ಡು ಕಾಯಲು ಅವರೇ ಕಟ್ಟಿಕೊಂಡು ಹೋಗುವುದು ಇದರೊಳಗೆ ಬರಲ್ಲ. ಅದಕ್ಕೆ ಅವರ ಹೆಸರು ರಿಟೇನರ್ (ನಿಮ್ಮ ಪರವಾಗಿ ಆಯುಧ ಒಯ್ಯುವವರು) ಅಂತ ಲೈಸೆನ್ಸಿನಲ್ಲೇ ಸೇರಿರಬೇಕು, ಅವರಿಗೂ ಪೊಲೀಸ್ ಪರಿಶೀಲನೆ ಆಗುತ್ತೆ.

ಆಲೂರು ಪೇಟೆ:
ಚುನಾವಣೆ ಮರೆಯಬೇಡಿ. ನೀತಿಸಂಹಿತೆ ಬಂದರೆ ಡಿಸಿ ಆದೇಶದ ಮೇಲೆ ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕಾಗುತ್ತೆ. ನಿಮಗೆ ಇನ್ನು ಮೇಲೆ ಎರಡು ರಾಜ್ಯದ ಚುನಾವಣೆ. ಇಲ್ಲಿ ಏನೂ ಇಲ್ಲದಿದ್ದರೂ ಅಲ್ಲಿ ಪಂಚಾಯತ್ ಚುನಾವಣೆ ಇರಬಹುದು. ಹೊರಡುವ ಮುಂಚೆ ವಯನಾಡು ಜಿಲ್ಲಾಡಳಿತದ ಆದೇಶ ನೋಡಿ. ಡಿಪಾಸಿಟ್ ರಸೀದಿಯಲ್ಲಿ ಆಯುಧದ ನಂಬರು, ತೋಟೆಯ ಎಣಿಕೆ ಎರಡೂ ಬರೆಸಿಕೊಳ್ಳಿ.

ಮುತ್ತೋಡಿ ರಸ್ತೆ:
ಹಂದಿಯ ಬಗ್ಗೆ ಯಾರೂ ಹೇಳಲಿಲ್ಲ. ಕೋವಿ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಲೈಸೆನ್ಸ್ ಅಲ್ಲ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದಮೇಲೆ ಕಾಡುಹಂದಿ ಅದರ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಕೇರಳದಲ್ಲಿ 2022ರಿಂದ ಬೆಳೆ ಹಾಳುಮಾಡುವ ಹಂದಿ ಹೊಡೆಸುವ ಅಧಿಕಾರ ಪಂಚಾಯತ್ ಅಧ್ಯಕ್ಷರಂಥವರಿಗೆ ಕೊಟ್ಟಿದ್ದಾರೆ, ಹೊಡೆಯುವುದು ಲೈಸೆನ್ಸ್ ಇದ್ದವರ ಕೈಲಿ. ಹಂದಿಗೋಸ್ಕರ ಕೋವಿಯನ್ನು ಕುಟ್ಟ ದಾಟಿಸುವುದು ಬಿಟ್ಟು ಅಲ್ಲಿನ ಪಂಚಾಯತಿಗೇ ಅರ್ಜಿ ಕೊಡಿ ಮಾರಾಯ್ರೇ.

ಇನ್ನು ಬಟವಾಡೆ. ಮಾನಂದವಾಡಿಯಲ್ಲೇ ಒಂದು ಬ್ಯಾಂಕ್ ಖಾತೆ ತೆರೆದು ಅಲ್ಲೇ ದುಡ್ಡು ತೆಗೆದರೆ ರಿವಾಲ್ವರೂ ಮನೆಯಲ್ಲೇ ಇರಬಹುದಲ್ಲ?

ಹೆತ್ತೂರು ಕಡೆಯವ:
ಕೋವಿಯ ಅರ್ಜಿ ಕೈಬಿಟ್ಟೆ. ರಿವಾಲ್ವರಿಗಷ್ಟೇ ಕೇರಳ ಅಂತ ಕೇಳುತ್ತೇನೆ. ಒಂದೇ ಲೈಸೆನ್ಸಿನಲ್ಲಿ ಒಂದು ಆಯುಧಕ್ಕೆ ಮಾತ್ರ ವ್ಯಾಪ್ತಿ ಕೇಳಿದರೆ ಗೊಂದಲ ಆಗುತ್ತಾ?

ಮೂಡಿಗೆರೆಯ ಹಳೇ ಗುಮಾಸ್ತ:
ಅರ್ಜಿಯಲ್ಲೂ ಜೊತೆಗಿನ ಪತ್ರದಲ್ಲೂ ರಿವಾಲ್ವರಿನ ನಂಬರು ಹಾಕಿ 'ಈ ಆಯುಧಕ್ಕೆ ಮಾತ್ರ' ಅಂತ ಬರೆಯಿರಿ. ಆದೇಶ ಬಂದ ದಿನ ಲೈಸೆನ್ಸಿನಲ್ಲೂ ಪೋರ್ಟಲ್‌ನಲ್ಲೂ ಅದೇ ನಂಬರಿನ ಎದುರು ಕೇರಳ ಅಂತ ಬಂದಿದೆಯಾ ಅಂತ ಕೌಂಟರಿನಲ್ಲಿ ನಿಂತೇ ನೋಡಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಮನೆಗೆ ಹೊರಡಬೇಡಿ, ಅಲ್ಲೇ ಸರಿಮಾಡಿಸಿ.