ವಾಯ್ಸ್‌ಮೇಲ್‌ನ ‘ಗ್ರೀಟಿಂಗ್’ಗೆ ‘ಶುಭಾಶಯ’ ಸಲ್ಲುತ್ತದೆಯೇ?

ಕಚೇರಿಯ ಕರೆಗಳಿಗೆ ಬಳಸುವ ಆ್ಯಪ್‌ನಲ್ಲಿ ವಾಯ್ಸ್‌ಮೇಲ್ (ನಾವು ಕರೆ ಸ್ವೀಕರಿಸದಿದ್ದಾಗ ಕರೆ ಮಾಡಿದವರ ಮಾತನ್ನು ಮುದ್ರಿಸಿಡುವ ವ್ಯವಸ್ಥೆ) ಹೊಂದಿಸಿಕೊಳ್ಳುವ ಬಗೆಯನ್ನು ಸಹೋದ್ಯೋಗಿಗಳಿಗೆ ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹೆಚ್ಚಿನ ಪದಗಳು ತೊಡಕಿಲ್ಲದೆ ಒದಗಿದವು. ಬೀಪ್ ಸದ್ದಿಗೆ ಮೊದಲು ಕರೆ ಮಾಡಿದವರಿಗೆ ಕೇಳಿಸುವ ನಮ್ಮ ಮಾತಿಗಿರುವ ‘ಗ್ರೀಟಿಂಗ್’ ಎಂಬ ಹೆಸರೊಂದು ಮಾತ್ರ ಇನ್ನೂ ಬಗೆಹರಿದಿಲ್ಲ.

ಮೊದಲ ಕರಡಿನಲ್ಲಿ ‘ನಿಮ್ಮ ಶುಭಾಶಯವನ್ನು ಧ್ವನಿಮುದ್ರಿಸಿ’ ಎಂದು ಬರೆದಿದ್ದೆ. ಅದನ್ನು ಓದಿ ಹಾಗೆಯೇ ನಡೆದುಕೊಂಡ ಸಹೋದ್ಯೋಗಿಯೊಬ್ಬರಿಗೆ ಮರುದಿನ ಕರೆ ಮಾಡಿದಾಗ, ಸ್ವಲ್ಪ ಹೊತ್ತು ರಿಂಗಾದ ಬಳಿಕ ‘ತಮಗೆಲ್ಲರಿಗೂ ಹಾರ್ದಿಕ ಶುಭಾಶಯಗಳು’ ಎಂದಷ್ಟೇ ಅವರ ದನಿಯಲ್ಲಿ ಕೇಳಿಸಿತು. ಹಿಂದೆಯೇ ಬೀಪ್ ಸದ್ದು. ಮಾತನಾಡುತ್ತಿರುವವರು ಯಾರು, ಕರೆ ಮಾಡಿದವರು ಮುಂದೇನು ಮಾಡಬೇಕು ಎಂಬುದೊಂದೂ ಅದರಲ್ಲಿರಲಿಲ್ಲ. ತಪ್ಪು ಅವರದಲ್ಲ, ನನ್ನದು. ಕನ್ನಡದಲ್ಲಿ ಶುಭಾಶಯವೆಂದರೆ ಮದುವೆಗೋ ಹುಟ್ಟುಹಬ್ಬಕ್ಕೋ ಕೋರುವಂಥದ್ದು. ‘ನಾನೀಗ ಕರೆ ಸ್ವೀಕರಿಸಲಾಗುತ್ತಿಲ್ಲ’ ಎಂಬ ಮಾತನ್ನು ಯಾರೂ ಶುಭಾಶಯವೆಂದು ಕರೆಯುವುದಿಲ್ಲ.

‘ಸ್ವಾಗತ ನುಡಿ’ ಎನ್ನೋಣವೆಂದರೆ, ಮನೆಗೆ ಬೀಗ ಹಾಕಿ ಬಾಗಿಲಿಗೆ ಸುಸ್ವಾಗತದ ಫಲಕ ತೂಗುಹಾಕಿದಂತಾಗುತ್ತದೆ. ‘ಮುನ್ನುಡಿ’ಯನ್ನು ಪುಸ್ತಕಗಳು ಆಗಲೇ ತಮ್ಮದಾಗಿಸಿಕೊಂಡಿವೆ. ನನಗೆ ತೋಚಿರುವುದು ‘ಬದಲಿ ನುಡಿ’. ಬದಲಿ ಶಿಕ್ಷಕ, ಬದಲಿ ಚಾಲಕ ಎನ್ನುವಲ್ಲಿರುವಂತೆ ಒಬ್ಬರ ಸ್ಥಾನದಲ್ಲಿ ನಿಲ್ಲುವುದು ಎಂಬ ಅರ್ಥ ಇಲ್ಲಿಗೆ ಹೊಂದುತ್ತದೆ. ‘ಬದಲು ಹೇಳು’ ಎಂದರೆ ಮರುನುಡಿ ಎಂಬ ಅರ್ಥವೂ ಇರುವುದರಿಂದ ಅದೂ ಜೊತೆಗೂಡುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ನಂಥ ಆ್ಯಪ್‌ನಲ್ಲಿ ಈ ಮಾತನ್ನು ನಮ್ಮ ದನಿಯಲ್ಲೇ ಮುದ್ರಿಸಬಹುದು, ಇಲ್ಲವೇ ಟೈಪಿಸಿಟ್ಟರೆ ಯಂತ್ರವೇ ಓದಿ ಹೇಳುತ್ತದೆ. ‘ನುಡಿ’ ಎಂಬುದು ಎರಡಕ್ಕೂ ಸಲ್ಲುತ್ತದೆ. ತೊಡಕಿರುವುದು ಇನ್ನೊಂದೆಡೆ. ರಜೆಯಲ್ಲಿರುವಾಗ ಕೇಳಿಸಬೇಕಾದ ಮಾತನ್ನು ಅಲ್ಲಿ ಪ್ರತ್ಯೇಕವಾಗಿ ಇರಿಸಬಹುದು, ಆಗ ಓದುಗರು ‘ಬದಲಿ’ ಎಂದರೆ ಆ ಎರಡನೆಯದೇ ಎಂದುಕೊಳ್ಳುವ ಸಾಧ್ಯತೆಯಿದೆ.

ವಾಯ್ಸ್‌ಮೇಲ್ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಧ್ವನಿ ಸಂದೇಶ’ವೆಂದರೆ ಚಾಟ್‌ನಲ್ಲಿ ನಾವಾಗಿಯೇ ಮಾತನಾಡಿ ಕಳುಹಿಸುವುದೆಂದು ಜನ ತಿಳಿಯುತ್ತಾರೆ. ‘ಧ್ವನಿಯಂಚೆ’ಯನ್ನು ಅರಿಸಮಾಸವೆಂದು, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದೆಂದು, ಆಕ್ಷೇಪಿಸುವವರಿಗೆ ‘ದನಿಯಂಚೆ’ ಇದೆ. ಮುದ್ರಿತವಾದ ಮಾತು ಹಲವೆಡೆ ಇಮೇಲ್ ಪೆಟ್ಟಿಗೆಗೇ ಬಂದು ಬೀಳುವುದರಿಂದ ಅಂಚೆಯೆಂಬ ಹೆಸರು ಅದಕ್ಕೆ ಸಲ್ಲದ್ದೇನಲ್ಲ. ಆದರೂ ಸೆಟ್ಟಿಂಗ್ಸ್‌ನಲ್ಲಿ ಹುಡುಕುವವರ ಕಣ್ಣಿಗೆ ಬೀಳುವುದು ವಾಯ್ಸ್‌ಮೇಲ್ ಎಂಬ ಪದವೇ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂದೇಹವಿದೆ. ಬೀಪ್ ಸದ್ದಿನ ನಂತರ ‘ಸಂದೇಶ ಬಿಡಿ’ ಎಂಬ ರೂಪ ಬಳಕೆಗೆ ಬಂದಿದೆಯಾದರೂ ನನ್ನ ಕಿವಿಗೆ ಒಗ್ಗುತ್ತಿಲ್ಲ. ಮಾತು ಬಿಡುವುದೆಂದರೆ ಮುನಿಸಿಕೊಂಡು ಮಾತು ನಿಲ್ಲಿಸುವುದು. ಊಟ ಬಿಡುವುದೆಂದರೆ ಉಣ್ಣದಿರುವುದು. ಆ ಜಾಡಿನಲ್ಲಿ ‘ಸಂದೇಶ ಬಿಡಿ’ ಎಂದರೆ ಸಂದೇಶವೇ ಬೇಡವೆಂದಂತೆ ಕೇಳಿಸುತ್ತದೆ. ‘ಪಕ್ಕದವರಿಗೆ ಹೇಳಿಟ್ಟು ಬಂದಿದ್ದೇನೆ’ ಎನ್ನುವಾಗಿನ ‘ಹೇಳಿಡು’ ಇಲ್ಲಿ ಹೆಚ್ಚು ಸಹಜ. ‘ನಿಮ್ಮ ಹೆಸರು, ವಿಷಯ ಹೇಳಿಡಿ, ನಾನೇ ಕರೆ ಮಾಡುತ್ತೇನೆ’ ಎಂದು ಮಾದರಿ ವಾಕ್ಯವನ್ನು ತಿದ್ದಿದ್ದೇನೆ.

‘ಹೇಳಿಡು’ ಈ ಅರ್ಥದಲ್ಲಿ ಎಲ್ಲ ಕಡೆಯ ಕನ್ನಡಿಗರಿಗೂ ತಿಳಿಯುವ ರೂಪವೇ? ‘ಗ್ರೀಟಿಂಗ್’ಗೆ ‘ಬದಲಿ ನುಡಿ’ಗಿಂತ ಗೊಂದಲ ಕಡಿಮೆಯಿರುವ ಪದ ತಮ್ಮಲ್ಲಿ ಯಾರಿಗಾದರೂ ಹೊಳೆದರೆ, ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.